ಎಲೆಕ್ಟಬಿಲಿಟಿ: ಗೆಲ್ಲುವ ಕುದುರೆಯ ಅಮೆರಿಕನ್ ಲೆಕ್ಕ

ನವೆಂಬರ್‌ನಲ್ಲಿ ನಡೆಯುವ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಇನ್ನೂ ವರ್ಷ, ಒಂದೂವರೆ ವರ್ಷ ಇರುವಾಗಲೇ ಒಂದೇ ಪಕ್ಷದ ಆಕಾಂಕ್ಷಿಗಳ ಬೆಂಬಲಿಗರ ನಡುವೆ ಜಗಳ ಶುರುವಾಗುತ್ತದೆ. ‘ನಿಮ್ಮವರು ಒಳ್ಳೆಯವರೇ ಇರಬಹುದು, ಆದರೆ ನವೆಂಬರ್‌ನಲ್ಲಿ ಗೆಲ್ಲುತ್ತಾರಾ?’ ಈ ಪ್ರಶ್ನೆಯನ್ನು ಅಲ್ಲಿನವರು ಎಲೆಕ್ಟಬಿಲಿಟಿ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಾದ ಪ್ರೈಮರಿ ಗೆಲ್ಲುವ ತಾಕತ್ತಿಗೆ ಈ ಹೆಸರಿಲ್ಲ. ಪ್ರೈಮರಿ ದಾಟಿದ ಮೇಲೆ ಎದುರು ಪಕ್ಷದವರನ್ನು ಮಣಿಸುವ ತಾಕತ್ತು ಎಷ್ಟಿದೆ ಎಂಬ ಅಂದಾಜು ಇದು.

ನಮ್ಮಲ್ಲಿ ‘ಗೆಲ್ಲುವ ಕುದುರೆಗೇ ಟಿಕೆಟ್’ ಎನ್ನುವಾಗ ಲೆಕ್ಕ ಹಾಕುವುದು ಹೈಕಮಾಂಡ್. ಅಮೆರಿಕದಲ್ಲಿ ಬಿ ಫಾರಂ ಹಿಡಿದು ಕೂತವರು ಯಾರೂ ಇಲ್ಲ. ಅಯೋವಾ ರಾಜ್ಯದಲ್ಲಿ ಪಕ್ಷದ ಬೆಂಬಲಿಗರು ಸಭೆ ಸೇರಿ ಆಯ್ಕೆ ಮಾಡುವ ಕಾಕಸ್‌ನಲ್ಲೋ ನ್ಯೂ ಹ್ಯಾಂಪ್‌ಶೈರ್‌ನ ಮತಗಟ್ಟೆಯಲ್ಲೋ ಸಾಮಾನ್ಯ ಮತದಾರರೇ ಅಭ್ಯರ್ಥಿಯನ್ನು ಆರಿಸಬೇಕು. ಹೀಗಾಗಿ ಟಿಕೆಟ್ ಹಂಚುವವರ ತಲೆನೋವು ಮತದಾರರ ತಲೆಗೇ ಬರುತ್ತದೆ. ತನಗೆ ಯಾರು ಇಷ್ಟ ಎನ್ನುವುದನ್ನು ಬದಿಗಿಟ್ಟು, ತಾನು ಎಂದೂ ನೋಡದ ಯಾವ ಕಡೆಗೂ ವಾಲಬಹುದಾದ ಪೆನ್ಸಿಲ್ವೇನಿಯಾ ರಾಜ್ಯದ ಯಾರೋ ಒಬ್ಬರು ಯಾರನ್ನು ಒಪ್ಪಿಯಾರು ಎಂದು ಅವರು ಊಹಿಸುತ್ತ ಕೂರುತ್ತಾರೆ. ಈ ಊಹೆಗೆ ಆಧಾರವಾಗಿ ಎಲ್ಲರೂ ಎಳೆದು ತರುವುದು ಆರಂಭದ ಸಮೀಕ್ಷೆಗಳನ್ನು.

ಆ ಸಮೀಕ್ಷೆಗಳಲ್ಲಿ ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ವಾದ ಮಾಡುವವರು ಅವನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ‘ಇಂದೇ ಪ್ರೈಮರಿ ನಡೆದರೆ ಯಾರಿಗೆ ಮತ?’ ಎಂಬುದು ಪಕ್ಷದೊಳಗಿನ ಸ್ಪರ್ಧೆಯ ಪ್ರಶ್ನೆ. ‘ಇವರು ಮತ್ತು ಎದುರು ಪಕ್ಷದ ಅವರು ನಿಂತರೆ ಯಾರಿಗೆ ಮತ?’ ಎಂಬುದು ನೇರ ಹಣಾಹಣಿಯದು. ‘ಎದುರು ಪಕ್ಷವನ್ನು ಸೋಲಿಸುವ ಸಾಧ್ಯತೆ ಯಾರಿಗೆ ಹೆಚ್ಚು ಅನ್ನಿಸುತ್ತದೆ?’ ಎಂದು ಕೇಳಿದಾಗ ಬರುವ ಉತ್ತರ ಬರೀ ನಂಬಿಕೆ. ಈ ನಂಬಿಕೆಯ ಅಂಕಿಯನ್ನು ಹಿಡಿದು ‘ನೋಡಿ, ನಮ್ಮವರೇ ಗೆಲ್ಲುವುದು’ ಎನ್ನುವುದು ಅತಿ ಸಾಮಾನ್ಯ ತಪ್ಪು. 2019ರಲ್ಲಿ ಅವಲಾಂಚ್ ಎಂಬ ಸಂಸ್ಥೆ ಡೆಮಾಕ್ರಟಿಕ್ ಮತದಾರರನ್ನು ಎರಡು ಬಗೆಯಲ್ಲಿ ಕೇಳಿತು. ಯಾರಿಗೆ ಮತ ಹಾಕುತ್ತೀರಿ ಎಂದಾಗ ಜೋ ಬೈಡನ್ ಮುಂದಿದ್ದರು. ಮಂತ್ರದಂಡ ಬೀಸಿ ಯಾರನ್ನಾದರೂ ನೇರವಾಗಿ ಅಧ್ಯಕ್ಷ ಪದವಿಯಲ್ಲಿ ಕೂರಿಸಬಹುದಾದರೆ ಎಂದಾಗ ಇನ್ನೊಬ್ಬ ಆಕಾಂಕ್ಷಿ ಎಲಿಜಬೆತ್ ವಾರೆನ್ ಮುಂದೆ ಬಂದರು. ಆ ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ಎಲೆಕ್ಟಬಿಲಿಟಿ ಚಿಂತೆಯ ತೂಕ.

ಇನ್ನು ಆರಂಭದ ಅಂಕಿಗಳು ನಿಜಕ್ಕೂ ಅಳೆಯುವುದು ಏನನ್ನು? ಹೆಚ್ಚಿನ ಪಾಲು, ಹೆಸರಿನ ಪರಿಚಯವನ್ನು. ಇದಕ್ಕೆ ಒಳ್ಳೆಯ ಉದಾಹರಣೆ ಬೆಳಗಾವಿಯಲ್ಲಿ ಬೆಳೆದು ಅಮೆರಿಕದಲ್ಲಿ ಉದ್ಯಮಿಯಾದ ಶ್ರೀ ಥಾನೇದಾರ್. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತ ಅವರು ಸ್ವಂತ ದುಡ್ಡು ಸುರಿದು, ಉಳಿದವರಿಗಿಂತ ಮೊದಲೇ ಟಿವಿ ಜಾಹೀರಾತು ಶುರುಮಾಡಿದರು. ವರ್ಷದ ಆರಂಭದ ಕೆಲವು ಸಮೀಕ್ಷೆಗಳಲ್ಲಿ ಅವರೇ ಮುಂದು! ಆಗಸ್ಟ್ 7ರಂದು ಮತ ಎಣಿಸಿದಾಗ ಗ್ರೆಚೆನ್ ವಿಟ್ಮರ್‌ಗೆ ಶೇ. 52, ಅಬ್ದುಲ್ ಎಲ್-ಸಯ್ಯದ್‌ಗೆ ಶೇ. 30, ಥಾನೇದಾರ್‌ಗೆ ಸುಮಾರು ಶೇ. 18. ಉಳಿದಿಬ್ಬರ ಪ್ರಚಾರ ಜನರನ್ನು ತಲುಪಿದ ಮೇಲೆ ಮೊದಲಿನ ಮುನ್ನಡೆ ಕರಗಿಹೋಯಿತು. (ನಾಲ್ಕು ವರ್ಷದ ನಂತರ ಡೆಟ್ರಾಯಿಟ್ ಭಾಗದ ಕ್ಷೇತ್ರದಿಂದ ಅವರು ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ಅದು ಬೇರೆಯದೇ ಲೆಕ್ಕ.)

ಹಣಾಹಣಿಯ ಅಂಕಿಗಳಲ್ಲೂ ಇದೇ ತೊಡಕು. ಒಂದೇ ಸಮೀಕ್ಷೆಯಲ್ಲಿ ಪ್ರಸಿದ್ಧ ನಾಯಕರು ಎದುರಾಳಿಯ ವಿರುದ್ಧ 48–44, ಹೊಸಮುಖ 42–44 ಎಂದು ಬಂದಿತೆನ್ನಿ. ಎದುರಾಳಿಯ 44 ಅಲುಗಾಡಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹೊಸಮುಖಕ್ಕೆ ಕಡಿಮೆಯಾದ 6 ಅಂಕ ಎದುರಾಳಿಗೆ ಹೋಗಿಲ್ಲ, ‘ಇನ್ನೂ ತೀರ್ಮಾನಿಸಿಲ್ಲ’ ಎಂಬ ಸಾಲಿನಲ್ಲಿ ಕೂತಿದೆ. ಅದರಲ್ಲಿ ಬಹುಪಾಲು ಅದೇ ಪಕ್ಷದವರಾಗಿದ್ದರೆ ಅಭ್ಯರ್ಥಿ ಖಾತ್ರಿಯಾದ ಮೇಲೆ ಅವರು ತಮ್ಮ ಪಕ್ಷಕ್ಕೆ ಮರಳುವುದೇ ಹೆಚ್ಚು. ಬದಲಿಗೆ ಎದುರಾಳಿಯ ಅಂಕಿ 44ರಿಂದ 48ಕ್ಕೆ ಏರಿದ್ದರೆ ಅದು ನಿಜವಾದ ದೌರ್ಬಲ್ಯ. ಬೆಂಬಲಿಗರು ಅಂತರವನ್ನಷ್ಟೇ ನೋಡಿ ಕಿತ್ತಾಡುತ್ತಾರೆ. ನೋಡಬೇಕಾದದ್ದು ಎದುರಾಳಿಯ ಕಾಲಂ.

ಏರುಪೇರಿನ ಗಣಿತವೂ ಇದೆ. 800 ಜನರನ್ನು ಮಾತಾಡಿಸಿದ ಸಮೀಕ್ಷೆಯಲ್ಲಿ ಒಬ್ಬರ ಅಂಕಿಗೆ ಮಾರ್ಜಿನ್ ಆಫ್ ಎರರ್ (ಅಂಕಿ ಮೇಲಕ್ಕೋ ಕೆಳಕ್ಕೋ ತಪ್ಪಿರಬಹುದಾದ ಮಿತಿ) ಸುಮಾರು 3.5 ಅಂಕ. ಆದರೆ 47–44 ಎಂಬಲ್ಲಿನ 3 ಅಂಕದ ಮುನ್ನಡೆಗೆ ಅದು ಸುಮಾರು 6.6 ಆಗುತ್ತದೆ, ಯಾಕೆಂದರೆ ಒಬ್ಬರು ಇಳಿದಾಗ ಇನ್ನೊಬ್ಬರು ಏರುತ್ತಾರೆ. ಇದರ ಮೇಲೆ, 1,000 ಜನರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಪಕ್ಷದ ಪ್ರೈಮರಿಗೆ ಬರುವವರು 400 ಮಂದಿ ಇದ್ದರೆ, ಆ ಭಾಗದ ಏರುಪೇರು 3.1 ಅಲ್ಲ, 4.9. ವರದಿಯ ತಲೆಬರಹದ ಕೆಳಗೆ ಅಚ್ಚಾಗುವುದು ಮಾತ್ರ 3.1. ಶೇ. 2ರಿಂದ ಶೇ. 4ಕ್ಕೆ ‘ಜಿಗಿದ’ ಅಭ್ಯರ್ಥಿಯ ಬಗ್ಗೆ ಬರುವ ಉತ್ಸಾಹದ ಸುದ್ದಿಗಳಲ್ಲಿ ಎಷ್ಟು ಹುರುಳಿದೆ ಎಂದು ಇಲ್ಲೇ ಗೊತ್ತಾಗುತ್ತದೆ. ಆದರೂ ಆ ಚಿಲ್ಲರೆ ಅಂಕಿಗೆ ಬೆಲೆ ಇಲ್ಲವೆನ್ನುವಂತಿಲ್ಲ: 2019ರ ಜೂನ್‌ನ ಡೆಮಾಕ್ರಟಿಕ್ ಆಕಾಂಕ್ಷಿಗಳ ಚರ್ಚಾವೇದಿಕೆ ಏರಲು ಮೂರು ಸಮೀಕ್ಷೆಗಳಲ್ಲಿ ಶೇ. 1 ಅಥವಾ 65,000 ದಾನಿಗಳು ಬೇಕಿತ್ತು. ವೇದಿಕೆ ಸಿಗದವರಿಗೆ ದೇಣಿಗೆಯೂ ಬತ್ತುತ್ತದೆ.

ರಾಷ್ಟ್ರೀಯ ಅಂಕಿಯನ್ನೇ ನೆಚ್ಚುವಂತಿಲ್ಲ ಎಂಬುದಕ್ಕೆ 2016 ಸಾಕು. ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು 2 ಅಂಕ ಮುಂದಿದ್ದೂ ಗೆಲ್ಲಲು ಬೇಕಾದ 270 ಎಲೆಕ್ಟೋರಲ್ ಮತ (ರಾಜ್ಯವಾರು ಲೆಕ್ಕದಲ್ಲಿ ಸಿಗುವ ಮತ) ಮುಟ್ಟಲಿಲ್ಲ. 2020ರಲ್ಲಿ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರಲ್ಲೂ ಸೇರಿ ಬೈಡನ್ ಅವರ ಮುನ್ನಡೆ 43,000ದ ಆಸುಪಾಸು. ಎಲೆಕ್ಟಬಿಲಿಟಿಯ ಚರ್ಚೆ ನಿಜಕ್ಕೂ ನಡೆಯಬೇಕಾದದ್ದು ಇಂಥ ಆರೇಳು ರಾಜ್ಯಗಳ ಸಮೀಕ್ಷೆ ಇಟ್ಟುಕೊಂಡು.

ಅಷ್ಟಾದರೂ ಕಾಲ ಎಲ್ಲವನ್ನೂ ಬುಡಮೇಲು ಮಾಡುತ್ತದೆ. 1980ರ ಆರಂಭದಲ್ಲಿ ರೊನಾಲ್ಡ್ ರೇಗನ್ ‘ಗೆಲ್ಲಲಾಗದಷ್ಟು ಬಲಪಂಥೀಯ’ ಎನ್ನಿಸಿಕೊಂಡು ಸಮೀಕ್ಷೆಗಳಲ್ಲಿ ಜಿಮ್ಮಿ ಕಾರ್ಟರ್‌ಗಿಂತ ಬಹಳ ಹಿಂದಿದ್ದರು. ನವೆಂಬರ್‌ನಲ್ಲಿ 44 ರಾಜ್ಯ ಗೆದ್ದರು. 1988ರ ಜುಲೈನಲ್ಲಿ ಮೈಕೆಲ್ ಡುಕಾಕಿಸ್ ಗ್ಯಾಲಪ್ ಸಮೀಕ್ಷೆಯಲ್ಲಿ 17 ಅಂಕ ಮುಂದೆ, ಕೊನೆಗೆ 40 ರಾಜ್ಯಗಳಲ್ಲಿ ಸೋಲು. ಜುಲೈನ ಅಂಕಿಯೇ ಹೀಗಾದರೆ ಹಿಂದಿನ ವರ್ಷದ್ದನ್ನು ಕೇಳಬೇಕೆ?

ಎಲೆಕ್ಟಬಿಲಿಟಿಯ ವಿಚಿತ್ರವೆಂದರೆ, ಒಂದು ಕಡೆ ಗೆದ್ದು ತೋರಿಸಿದರೆ ಅದು ತಾನಾಗಿ ಹುಟ್ಟಿಕೊಳ್ಳುತ್ತದೆ. 2007ರ ಉದ್ದಕ್ಕೂ ಕಪ್ಪು ಮತದಾರರಲ್ಲಿ ಅನೇಕರು ಬರಾಕ್ ಒಬಾಮಾ ಬಗ್ಗೆ ಹಿಂಜರಿದಿದ್ದರು. ಬಿಳಿಯರು ಇವರಿಗೆ ಮತ ಹಾಕುತ್ತಾರಾ ಎಂಬುದೇ ಸಂಶಯ. 2008ರ ಜನವರಿ 3ರಂದು ಬಿಳಿಯರೇ ತುಂಬಿದ ಅಯೋವಾ ಅವರನ್ನು ಗೆಲ್ಲಿಸಿತು, ಸಂಶಯ ಕರಗಿತು, ಅದೇ ತಿಂಗಳು ಸೌತ್ ಕ್ಯಾರೊಲಿನಾವನ್ನು ಅವರು ಬಾಚಿಕೊಂಡರು. ತಿರುಗುಮುರುಗಾಗಿಯೂ ಆಗುತ್ತದೆ. ‘ನಾನೇನೋ ಮಹಿಳೆಗೆ ಮತ ಹಾಕುತ್ತೇನೆ, ನೆರೆಹೊರೆಯವರು ಹಾಕಲಿಕ್ಕಿಲ್ಲ’ ಎಂದು ಸಾಕಷ್ಟು ಜನ ಅಂದುಕೊಂಡರೆ ಆ ಅಭ್ಯರ್ಥಿ ಪ್ರೈಮರಿಯಲ್ಲೇ ಮುಗಿದುಹೋಗುತ್ತಾರೆ. ನೆರೆಹೊರೆಯವರನ್ನು ಯಾರೂ ಕೇಳಿರುವುದಿಲ್ಲ. ಇನ್ನು ಲೆಕ್ಕ ಹಾಕಿ ಆರಿಸಿದ ಮಾತ್ರಕ್ಕೆ ಗೆಲುವು ಗ್ಯಾರಂಟಿಯೇನಲ್ಲ. 2004ರಲ್ಲಿ ಡೆಮಾಕ್ರಟಿಕ್ ಆಕಾಂಕ್ಷಿ ಹೋವರ್ಡ್ ಡೀನ್ ಅವರನ್ನು ಮೆಚ್ಚಿಕೊಂಡಿದ್ದವರೂ, ಜಾರ್ಜ್ ಬುಷ್‌ರನ್ನು ಸೋಲಿಸಲು ಯುದ್ಧವೀರ ಜಾನ್ ಕೆರ್ರಿಯೇ ಸರಿ ಎಂದು ಅಯೋವಾದಲ್ಲಿ ಶೇ. 38 ಬೆಂಬಲ ಕೊಟ್ಟರು, ಡೀನ್‌ಗೆ ಶೇ. 18. ನವೆಂಬರ್‌ನಲ್ಲಿ ಕೆರ್ರಿ ಸೋತರು.

ಇಂಥ ವಾದದಲ್ಲಿ ಯಾರಾದರೂ ಅಂಕಿ ಮುಂದಿಟ್ಟರೆ ಮೊದಲು ದಿನಾಂಕ ನೋಡಿ. ಆಮೇಲೆ ಯಾರನ್ನು ಕೇಳಿದ್ದಾರೆ ಎಂದು: ಎಲ್ಲ ವಯಸ್ಕರನ್ನೋ, ನೋಂದಾಯಿತ ಮತದಾರರನ್ನೋ, ಮತ ಹಾಕುವುದು ಹೆಚ್ಚುಕಡಿಮೆ ಖಚಿತ ಇರುವವರನ್ನೋ. ನಂತರ ‘ಈ ಹೆಸರು ಕೇಳಿಲ್ಲ’ ಎಂದವರ ಪ್ರಮಾಣ. ಅದು ಶೇ. 40 ಇದ್ದರೆ ಹಣಾಹಣಿಯ ಅಂಕಿಯನ್ನು ಪಕ್ಕಕ್ಕಿಟ್ಟು, ಗೊತ್ತಿರುವವರಲ್ಲಿ ಎಷ್ಟು ಜನ ಮೆಚ್ಚಿದ್ದಾರೆ, ಎಷ್ಟು ಜನ ಒಲ್ಲೆ ಎಂದಿದ್ದಾರೆ ಎಂಬುದನ್ನು ಹೋಲಿಸುವುದೇ ಹೆಚ್ಚು ಉಪಯುಕ್ತ. ಎಲ್ಲರಿಗೂ ಗೊತ್ತಿದ್ದೂ ಅರ್ಧಕ್ಕಿಂತ ಹೆಚ್ಚು ಜನ ಒಲ್ಲೆ ಎನ್ನುವವರಿಗೆ ಬೆಳೆಯಲು ಜಾಗವೇ ಕಡಿಮೆ.

ಅಂಕಿ ಪಕ್ಕಾ ಇದ್ದೂ ವಾದ ನಡೆಯದೇ ಇರಬಹುದು. 2023ರ ಕೊನೆಯಲ್ಲಿ ರಿಪಬ್ಲಿಕನ್ ಆಕಾಂಕ್ಷಿ ನಿಕಿ ಹೇಲಿ ಅವರು ಡೊನಾಲ್ಡ್ ಟ್ರಂಪ್‌ಗಿಂತ ದೊಡ್ಡ ಅಂತರದಲ್ಲಿ ಬೈಡನ್‌ರನ್ನು ಸೋಲಿಸುತ್ತಾರೆ ಎಂದು ಹಲವು ಸಮೀಕ್ಷೆಗಳು ತೋರಿಸಿದವು, ಅವರ ಪ್ರಚಾರವೆಲ್ಲ ಅದರ ಮೇಲೇ ನಿಂತಿತ್ತು. ಆದರೆ ಅದೇ ಸಮೀಕ್ಷೆಗಳಲ್ಲಿ ಟ್ರಂಪ್ ಕೂಡ ಮುಂದಿದ್ದರು. ಸೋಲಿನ ಭಯವಿಲ್ಲದ ರಿಪಬ್ಲಿಕನ್ ಮತದಾರರು ತಮಗೆ ಇಷ್ಟವಾದವರನ್ನೇ ಆರಿಸಿಕೊಂಡರು. 2024ರ ಫೆಬ್ರವರಿ 24ರಂದು ಹೇಲಿ ತವರು ರಾಜ್ಯ ಸೌತ್ ಕ್ಯಾರೊಲಿನಾದಲ್ಲೇ ಸೋತರು.