ಮೇಜು ಭಾರ ಇದ್ದರೆ ಗಟ್ಟಿ ಅಂತಲೇ?

‘ಊಟದ ಮೇಜು ನೋಡಿಟ್ಟಿದ್ದೇವೆ. ಇಬ್ಬರು ಹಿಡಿದರೂ ಏಳುವುದಿಲ್ಲ, ಅಷ್ಟು ಭಾರ. ತೇಗ ಅನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದಾ?’

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಜೊತೆಗೆ ಭಾರದ ಮೇಲಿನ ಆ ನಂಬಿಕೆಯೂ. ಹಾಗಾಗಿ ಮೊದಲು ಅದನ್ನೇ ಬಿಡಿಸೋಣ.

ಒಂದು ಘನ ಮೀಟರ್ ಒಣ ತೇಗ ಸುಮಾರು 650 ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಎಂಡಿಎಫ್ 700ರಿಂದ 750 ಕಿಲೋ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯೇ ತೇಗಕ್ಕಿಂತ ಭಾರ! ಅದರ ಅಂಚು ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಇನ್ನೊಂದು, ನೀರಿಗೂ ತೂಕ ಇದೆ. ಈಗಷ್ಟೇ ಕಡಿದ ಮರದಲ್ಲಿ ಒಣಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದುಂಟು. ಅರೆಬರೆ ಒಣಗಿಸಿ ಮಾಡಿದ ಮೇಜು ಅಂಗಡಿಯಲ್ಲಿ ಭಾರವಾಗಿ, ಗಟ್ಟಿಯಾಗಿಯೇ ಕಾಣುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ಅದು ಕುಗ್ಗುತ್ತದೆ, ಹಲಗೆ ಸೀಳುತ್ತದೆ, ಕಾಲು ಅಲುಗಾಡತೊಡಗುತ್ತದೆ. ನೀವು ಮೆಚ್ಚಿದ ಆ ಭಾರವೇ ಇಲ್ಲಿ ದೋಷ.

ಆದ್ದರಿಂದ ಮೇಜನ್ನು ಎತ್ತಿ ನೋಡಬೇಡಿ, ಮಗುಚಿ ನೋಡಿ. ಅಡಿಭಾಗದಲ್ಲಿ ಕಣ್ಣಿಗೆ ಬೀಳದ ಕಡೆ ತೇವಾಂಶ ಅಳೆಯುವ ಮೀಟರಿನ ಮೊನೆ ಚುಚ್ಚಿಸಿ. ಶೇ. 12ರ ಆಸುಪಾಸು ಒಳ್ಳೆಯದು. ಮಳೆಗಾಲದಲ್ಲಿ 15 ಬಂದರೂ ಗಾಬರಿ ಬೇಡ. 18 ದಾಟಿದರೆ ಬಿಟ್ಟುಬಿಡಿ.

ಮರ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬಹುದು. ಹಿಗ್ಗುವುದು, ಕುಗ್ಗುವುದು ಎಲ್ಲ ಅಗಲಕ್ಕೆ. ಕುಶಾಲನಗರದ ಒಣಹವೆಯಲ್ಲಿ ಮಾಡಿಸಿದ ಮೂರಡಿ ಅಗಲದ ತೇಗದ ಮೇಜು ಭಾಗಮಂಡಲದ ಆಟಿ (ಜುಲೈ-ಆಗಸ್ಟ್) ಮಳೆಗೆ ಐದಾರು ಮಿಲಿಮೀಟರ್ ಅಗಲವಾಗುವುದು ಸಹಜ. ಮೇಲಿನ ಹಲಗೆಯನ್ನು ಅದರಡಿ ಕಾಲುಗಳನ್ನು ಜೋಡಿಸುವ ಸುತ್ತಲಿನ ಪಟ್ಟಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸಿದ್ದರೆ ಆ ಹಿಗ್ಗಿಗೆ ಜಾಗವೇ ಇರುವುದಿಲ್ಲ. ಹಲಗೆ ಡೊಂಕಾಗುತ್ತದೆ ಅಥವಾ ಬಿರಿಯುತ್ತದೆ. ಸ್ಕ್ರೂ ಕೂರುವ ತೂತು ಉದ್ದುದ್ದ ಇರಬೇಕು, ಇಲ್ಲವೇ ಜರುಗುವ ಮರದ ತುಂಡುಗಳಿಂದ ಹಿಡಿಸಿರಬೇಕು. ಅದನ್ನು ಮಾಡಿದ ಬಡಗಿ ಕೆಲಸ ಬಲ್ಲವನು, ಅನುಮಾನ ಬೇಡ.

ಕಾಲು ಮತ್ತು ಪಟ್ಟಿ ಸೇರುವಲ್ಲಿ ಬರೀ ಮೊಳೆ ಇದ್ದರೆ ಆ ಮೇಜು ಬಿಟ್ಟು ಮುಂದಕ್ಕೆ ಹೋಗಿ. ಪಟ್ಟಿಯ ತುದಿಯನ್ನು ಕೆತ್ತಿ ಕಾಲಿನ ತೂತಿಗೆ ಇಳಿಸಿರಬೇಕು. ಮೇಜನ್ನು ನೇರ ನಿಲ್ಲಿಸಿ, ಒಂದು ಮೂಲೆ ಹಿಡಿದು ಎದುರು ಮೂಲೆಯತ್ತ ತಳ್ಳಿ. ಕಿರ್ರೆಂದರೆ ಕೀಲು ಈಗಲೇ ಸಡಿಲ.

ತೇಗ ಹೌದೋ ಅಲ್ಲವೋ ಎನ್ನುವುದಕ್ಕಿಂತ ಕೆಚ್ಚು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಎಷ್ಟಿದೆ ಎಂಬುದು ಮುಖ್ಯ. ಕಾಲಿನ ಅಂಚಿನಲ್ಲಿ ಬಿಳಿಮರದ (ಕೆಚ್ಚಿನ ಹೊರಗಿನ ತಿಳಿಬಣ್ಣದ ಭಾಗದ) ಪಟ್ಟೆ ಕಂಡರೆ ಹುಳ ಮೊದಲು ಹಿಡಿಯುವುದು ಅಲ್ಲಿಯೇ. ಸೂಜಿಮೊನೆಯಷ್ಟು ತೂತು, ಕೆಳಗೆ ನುಣ್ಣನೆಯ ಹಿಟ್ಟು ಇದ್ದರೆ ಹುಳ ಒಳಗಿದೆ ಎಂದೇ ತಿಳಿಯಿರಿ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್‌ಗೆ ಕಂದು ಪಾಲಿಶ್ ಕೊಟ್ಟು ತೇಗವೆಂದರೆ, ಹಲಗೆಯ ಮೈಮೇಲೆ ಮಿನುಗುವ ಚುಕ್ಕೆಗಳ ಜಾಲರಿ ಹುಡುಕಿ. ತೇಗದಲ್ಲಿ ಅದು ಇರುವುದಿಲ್ಲ.

ಮೇಜು ಮಗುಚಿದಾಗ ಇನ್ನೊಂದು ನೋಡಿ, ಅಡಿಗೂ ಪಾಲಿಶ್ ಬಿದ್ದಿದೆಯೇ? ಮೇಲೆ ಮಾತ್ರ ಬಳಿದಿದ್ದರೆ ಅಡಿಭಾಗವಷ್ಟೇ ಬೇಗ ತೇವ ಹೀರಿ ಹಲಗೆ ಬಾಗುತ್ತದೆ.

ಇದನ್ನು ಓದಿದವರು ಮುಂದೆ ಕೇಳುವುದು ಗೊತ್ತು: ಜುಲೈನಲ್ಲಿ ಮೇಜಿಗೆ ಬೂಷ್ಟು ಹಿಡಿದರೆ ಮರ ಹಾಳಾದಂತೆಯೇ? ಇಲ್ಲ. ಅದು ಮೇಲ್ಮೈ ಮೇಲಿನ ಕೊಳೆ, ಧೂಳು ತಿಂದು ಬೆಳೆಯುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಮರದೊಳಗೆ ಶೇ. 25ಕ್ಕೂ ಹೆಚ್ಚು ತೇವ ಬೇಕು. ಬೂಷ್ಟನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆಯಿಂದ ತಿಕ್ಕಿ, ಮೇಜನ್ನು ಗೋಡೆಯಿಂದ ನಾಲ್ಕಿಂಚು ಈಚೆ ಎಳೆಯಿರಿ. ಕೊಳೆಯುವ ಅಪಾಯ ಇರುವುದು ಕಾಲಿನ ತುದಿಗೆ, ನೆಲ ಒರೆಸಿದ ನೀರನ್ನು ಅದು ದಿನಾ ಹೀರುತ್ತದೆ. ಅಲ್ಲಿಗೆ ಎರಡು ಸಲ ವಾರ್ನಿಷ್ ಬಳಿದು, ಒಣಗಿದ ಮೇಲೆ ರಬ್ಬರ್ ಬುಷ್ ಹಾಕಿಸಿ.