ಮನೆಗೆಲಸದ ಕ್ಯಾಲೊರಿಯನ್ನು ಎರಡು ಸಲ ಬರೆಯಬೇಡಿ

"ಮೇಡಂ, ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತೂವರೆ ತನಕ ಕೂತ್ಕೊಳ್ಳಲಿಕ್ಕೆ ಪುರುಸೊತ್ತಿಲ್ಲ. ಇದು ವ್ಯಾಯಾಮ ಅಲ್ವಾ? ಆ್ಯಪ್‌ನಲ್ಲಿ ಹಾಕಿದ್ರೆ ತಪ್ಪೇನು?"

ಡೊಂಬಿವಲಿಯಲ್ಲಿ ತೂಕ ಇಳಿಸಿಕೊಳ್ಳಲೆಂದು ನನ್ನ ಬಳಿ ಬರುವ ಕನ್ನಡದ ಹೆಂಗಸರು ಈ ಪ್ರಶ್ನೆ ಕೇಳದೆ ಹೋಗುವುದು ಕಡಿಮೆ. ಹೆಚ್ಚಿನವರು ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಪ್ರಶ್ನೆಯ ಹಿಂದೆ ನೋವಿದೆ. "ನೀನು ಮನೆಯಲ್ಲೇ ಇರ್ತೀಯಲ್ಲ" ಎಂದು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ, ಅವರ ದುಡಿಮೆಯನ್ನು ಮೊದಲ ಸಲ ಅಂಕಿಯಲ್ಲಿ ತೋರಿಸಿದ್ದು, ತಿಂದದ್ದನ್ನೂ ಮಾಡಿದ ಶ್ರಮವನ್ನೂ ಬರೆದರೆ ಕ್ಯಾಲೊರಿ ಲೆಕ್ಕ ಹಾಕುವ ಆ ಆ್ಯಪ್. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು ಕೊಡುತ್ತಿದ್ದದ್ದು 97 ನಿಮಿಷ, ಅದೂ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಹಾಗಿರುವಾಗ ಆ್ಯಪ್‌ನಲ್ಲಿ ಬರೆದ ಮನೆಗೆಲಸದ ಸಾಲನ್ನು ಅಳಿಸಿ ಎನ್ನಲು ನನಗೆ ಸಂಕಟವಾಗುತ್ತದೆ. ಆದರೂ ಅಳಿಸಿ ಎಂದೇ ಹೇಳುತ್ತೇನೆ. ಮನೆಗೆಲಸ ದೇಹಶ್ರಮವೇ, ಅದರಲ್ಲಿ ಕರಗುವ ಕ್ಯಾಲೊರಿಯೂ ನಿಜ. ಆದರೆ ನಿಮ್ಮ ಲೆಕ್ಕದಲ್ಲಿ ಅದು ಆಗಲೇ ಸೇರಿಹೋಗಿದೆ.

ಒಬ್ಬರ ಫೋನನ್ನೇ ನೋಡೋಣ. ವಯಸ್ಸು 48, ತೂಕ 68 ಕಿಲೊ, ಎತ್ತರ 155 ಸೆಂಟಿಮೀಟರ್. ಮೂರು ತಿಂಗಳಿಂದ ತಪ್ಪದೆ ಬರೆಯುತ್ತಿದ್ದಾರೆ, ತೂಕದ ಮುಳ್ಳು ಮಾತ್ರ ಅಲ್ಲೇ ಇದೆ. ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳಿಗೆಂದು ದೇಹ ಖರ್ಚು ಮಾಡುವ ಶಕ್ತಿಯನ್ನು ಮಿಫ್ಲಿನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಸೂತ್ರದಿಂದ ಅಂದಾಜಿಸುತ್ತೇವೆ. ಇವರಿಗೆ ಅದು ಸುಮಾರು 1,250 ಕ್ಯಾಲೊರಿ. ಇದನ್ನು ಚಟುವಟಿಕೆಯ ಗುಣಕದಿಂದ ಗುಣಿಸಬೇಕು. ಕೂತೇ ಇರುವವರಿಗೆ 1.2, ಲಘು ಚಟುವಟಿಕೆಗೆ 1.375, ಮಧ್ಯಮಕ್ಕೆ 1.55. ಆ್ಯಪ್ ಕೇಳಿದಾಗ ಇವರು "ಲಘು" ಎಂದು ಒತ್ತಿದ್ದರು. ಸರಿಯಾದ ಆಯ್ಕೆಯೇ. ಹಾಗಾಗಿ ತೂಕ ಇದ್ದಷ್ಟೇ ಇರಲು 1,720 ಕ್ಯಾಲೊರಿ ಎಂದು ಬಂತು. ಇಳಿಸಲೆಂದು 400 ಕಳೆದು, ದಿನಕ್ಕೆ 1,320 ಎಂದು ಗುರಿ ಇಟ್ಟುಕೊಂಡರು.

ಇನ್ನು ರಾತ್ರಿ ಬರೆದ ಸಾಲುಗಳು. ಮನೆ ಸ್ವಚ್ಛತೆ 90 ನಿಮಿಷ, 337 ಕ್ಯಾಲೊರಿ. ಪಾತ್ರೆ ತೊಳೆದದ್ದು 45 ನಿಮಿಷ, 92 ಕ್ಯಾಲೊರಿ. ಒಟ್ಟು 429. ಅಷ್ಟನ್ನೂ ಆ್ಯಪ್ "ಇನ್ನೂ ತಿನ್ನಬಹುದು" ಎಂದು ವಾಪಸು ಕೊಟ್ಟಿತು, ಇವರು ತಿಂದರು. 1,320ಕ್ಕೆ 429 ಸೇರಿದರೆ 1,749. ಕಳೆದಿದ್ದ 400 ಪೂರ್ತಿ ವಾಪಸು ಬಂತು. ಮೂರು ತಿಂಗಳು ಬರೆದದ್ದು ವ್ಯರ್ಥವಾದದ್ದು ಇಲ್ಲಿ.

1,250 ಮತ್ತು 1,720ರ ನಡುವಿನ ಅಂತರದಲ್ಲೇ ಗುಡಿಸಿದ್ದು, ಒರೆಸಿದ್ದು, ಅಡುಗೆ, ಬಟ್ಟೆ ಒಣಹಾಕಿದ್ದು ಎಲ್ಲವೂ ಇವೆ. "ಕೂತೇ ಇರುವವರು" ಎಂದು ಒತ್ತಿದ್ದರೆ 1,500 ಬರುತ್ತಿತ್ತು. "ಲಘು" ಎಂದದ್ದಕ್ಕೆ 220 ಹೆಚ್ಚು ಸಿಕ್ಕಿತು. ಆ 220 ಕೊಟ್ಟದ್ದೇ ದಿನದ ಈ ಓಡಾಟಕ್ಕೆ. ಮತ್ತೆ ಬರೆಯುವುದೆಂದರೆ, ಸಂಬಳದಲ್ಲಿ ಸೇರಿ ಬಂದ ಭತ್ಯೆಗೆ ಇನ್ನೊಮ್ಮೆ ಬಿಲ್ಲು ಹಾಕಿದ ಹಾಗೆ.

ಆ 337 ಎಂಬ ಅಂಕಿಯೂ ಅಷ್ಟು ಗಟ್ಟಿಯಲ್ಲ. ಒಂದು ಕೆಲಸಕ್ಕೆ ಸುಮ್ಮನೆ ಕೂತಿರುವಾಗಿನ ಎಷ್ಟು ಪಟ್ಟು ಶಕ್ತಿ ಬೇಕು ಎನ್ನುವುದನ್ನು 'ಮೆಟ್' ಎಂಬ ಮಾನದಲ್ಲಿ ಅಳೆಯುತ್ತಾರೆ. 1 ಮೆಟ್ ಎಂದರೆ ಕಿಲೊ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ. ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು ಇದಕ್ಕೊಂದು ದೊಡ್ಡ ಪಟ್ಟಿಯನ್ನು 1993ರಲ್ಲಿ ಪ್ರಕಟಿಸಿ, ಮುಂದೆ ಪರಿಷ್ಕರಿಸುತ್ತ ಬಂದಿದ್ದಾರೆ. ಆ್ಯಪ್‌ಗಳು ಬಳಸುವುದು ಹೆಚ್ಚಾಗಿ ಇಂಥ ಮೆಟ್ ಅಂಕಿಗಳನ್ನೇ. ನೆಲ ಗುಡಿಸುವುದು 3.3. ಅದರಲ್ಲಿ 1 ಮೆಟ್ ನೀವು ಸೋಫಾದಲ್ಲಿ ಕೂತಿದ್ದರೂ ಖರ್ಚಾಗುತ್ತಿದ್ದದ್ದು. ಅದನ್ನು ಕಳೆದರೆ 337ರಲ್ಲಿ ಉಳಿಯುವುದು 235. ಇನ್ನೊಂದು ಪ್ರಶ್ನೆಯನ್ನು ನಾನು ಯಾವಾಗಲೂ ಕೇಳುತ್ತೇನೆ: ಮನೆ ಎಷ್ಟು ದೊಡ್ಡದು? ಇವರದು 450 ಚದರಡಿ. ಅದನ್ನು ಗುಡಿಸಿ ಒರೆಸಲು 90 ನಿಮಿಷ ಬೇಡ. ನಡುವೆ ಫೋನ್, ಹಾಲಿನವನು, ಕುಕ್ಕರಿನ ಸೀಟಿ ಎಲ್ಲ ಇರುತ್ತದೆ. ಮರುದಿನ ಗಡಿಯಾರ ಇಟ್ಟುಕೊಂಡು ನೋಡಲು ಹೇಳಿದೆ. ಕೈ ನಿಜವಾಗಿ ಆಡಿದ್ದು 25 ನಿಮಿಷ. ಲೆಕ್ಕ ಹಾಕಿ: 65 ಕ್ಯಾಲೊರಿ. 30 ಗ್ರಾಂ ಹಸಿ ತೆಂಗಿನ ತುರಿಯಲ್ಲೇ ಸುಮಾರು 100 ಇದೆ.

ಈ ಅಂಕಿ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಹಾಗಾದ್ರೆ ಇಷ್ಟು ಸುಸ್ತು ಯಾಕೆ ಮೇಡಂ?" ಸುಸ್ತು ಸುಳ್ಳಲ್ಲ. ಆದರೆ ಸುಸ್ತಿಗೂ ಕ್ಯಾಲೊರಿಗೂ ನೇರ ಸಂಬಂಧವಿಲ್ಲ. ಅದೇ ಪಟ್ಟಿಯ 2011ರ ಆವೃತ್ತಿಯಲ್ಲಿ ಪಾತ್ರೆ ತೊಳೆಯುವುದು 1.8, ಇಸ್ತ್ರಿ 1.8, ನಿಂತು ಮಾಡುವ ಸಾಧಾರಣ ಅಡುಗೆ 2. ಗಂಟೆಗಟ್ಟಲೆ ನಿಂತರೆ ಹಿಮ್ಮಡಿ, ಸೊಂಟ, ಕುತ್ತಿಗೆ ಎಲ್ಲ ನೋಯುತ್ತವೆ. ಆದರೆ ದೊಡ್ಡ ಸ್ನಾಯುಗಳು ಕೆಲಸಕ್ಕೇ ಇಳಿದಿರುವುದಿಲ್ಲ. ದಿನಸಿ ಚೀಲ ಹಿಡಿದು ಮೆಟ್ಟಿಲು ಹತ್ತುವುದು ಮಾತ್ರ 7.5. ಲಿಫ್ಟ್ ಇಲ್ಲದ ಹಳೇ ಕಟ್ಟಡದ ನಾಲ್ಕನೇ ಮಾಳಿಗೆಯವರು ದಿನಕ್ಕೆರಡು ಸಲ ಹತ್ತಿದರೆ ಅದು ಒಳ್ಳೇ ಶ್ರಮ, ಹೊತ್ತು ಕಡಿಮೆಯಾದರೂ.

ಬೆವರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂಬಯಿಯಲ್ಲಿ ಇದು ಬಹಳ ಮೋಸ ಮಾಡುತ್ತದೆ. ಅಕ್ಟೋಬರಿನ ಸೆಕೆ, ಗಾಳಿಯಲ್ಲಿ ತೇವ, ಗ್ಯಾಸಿನ ಉರಿ ಅಲ್ಲಾಡುತ್ತದೆಂದು ಫ್ಯಾನ್ ಬಂದ್. ಹತ್ತು ಚಪಾತಿ ಲಟ್ಟಿಸುವಷ್ಟರಲ್ಲಿ ರವಿಕೆ ಒದ್ದೆ. ಅದು ದೇಹ ತನ್ನನ್ನು ತಂಪು ಮಾಡಿಕೊಳ್ಳುವ ಕ್ರಮ. ಹೋದದ್ದು ನೀರು, ಒಂದು ಲೋಟ ಕುಡಿದರೆ ವಾಪಸು. ಸೆಕೆಗೆ ಎದೆಬಡಿತವೂ ಏರುತ್ತದೆ. ಕೈಗಡಿಯಾರ ಅದನ್ನೇ ಶ್ರಮವೆಂದು ತಿಳಿದು ಹೆಚ್ಚು ಕ್ಯಾಲೊರಿ ತೋರಿಸಬಹುದು. ಲಟ್ಟಣಿಗೆ ಆಡಿಸಿದ್ದನ್ನು, ಬಾಣಲೆ ತಿಕ್ಕಿದ್ದನ್ನು ಹೆಜ್ಜೆಯೆಂದೂ ಎಣಿಸೀತು. ಎರಡೂ ಕೈಯಲ್ಲಿ ಚೀಲ ಹಿಡಿದು ಮಾರ್ಕೆಟಿನಿಂದ ನಡೆದು ಬಂದಾಗ, ಕೈ ಬೀಸದ ಕಾರಣಕ್ಕೆ ನಿಜವಾದ ಹೆಜ್ಜೆಗಳನ್ನೇ ಬಿಟ್ಟೀತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿನ ಏಳು ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ. 93ರಷ್ಟು.

ಊರಿನ ಮನೆಗೆಲಸ ಬೇರೆಯೇ ಇತ್ತು. ಬಾವಿಯಿಂದ ನೀರು ಸೇದಬೇಕು, ಅಂಗಳ ಗುಡಿಸಿ ಸೆಗಣಿ ಸಾರಿಸಬೇಕು, ಕಡೆಯುವ ಕಲ್ಲಿನಲ್ಲಿ ಮಸಾಲೆ ಕಡೆಯಬೇಕು, ಹಟ್ಟಿಗೆ ಹುಲ್ಲು ಹೊರಬೇಕು. ನಮ್ಮ ಅಮ್ಮಂದಿರು ಬಟ್ಟಲು ತುಂಬ ಕುಚ್ಚಲಕ್ಕಿ ಅನ್ನ ಉಂಡು ತೆಳ್ಳಗಿದ್ದದ್ದಕ್ಕೆ ಈ ಕೆಲಸಗಳೂ ಒಂದು ಕಾರಣ. ಫ್ಲ್ಯಾಟಿನಲ್ಲಿ ನಲ್ಲಿ, ಮಿಕ್ಸಿ, ವಾಷಿಂಗ್ ಮೆಷಿನ್, ಲಿಫ್ಟ್ ಇವೆ. ಕೆಲಸದ ಹೊತ್ತು ಹಾಗೇ ಉಳಿಯಿತು, ಭಾರ ಮಾತ್ರ ಹೋಯಿತು. ಉಣ್ಣುವ ಬಟ್ಟಲು ಹಳೆಯದೇ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು 2001ರಲ್ಲಿ ರೋಮಿನಲ್ಲಿ ಸೇರಿಸಿದ್ದ ತಜ್ಞರು, ಕರೆಂಟು, ನಲ್ಲಿನೀರು, ಹತ್ತಿರದಲ್ಲೇ ರಸ್ತೆ ಇರುವ ಹಳ್ಳಿಯಲ್ಲಿ ಹಗುರ ಮನೆಗೆಲಸ ಮಾಡಿಕೊಂಡು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರನ್ನು ಕಚೇರಿ ನೌಕರರ ಜೊತೆಗೇ ಲಘು ಚಟುವಟಿಕೆಯ ಗುಂಪಿನಲ್ಲಿಟ್ಟರು. ಡೊಂಬಿವಲಿಯ ಎರಡು ಕೋಣೆಯ ಮನೆ ಅದಕ್ಕಿಂತ ಮೇಲಿನ ಗುಂಪಿಗೆ ಹೋಗುವುದು ಕಷ್ಟ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ 55 ಕಿಲೊ ತೂಕದ ಹೆಂಗಸಿಗೆ ಕಡಿಮೆ ಚಟುವಟಿಕೆಯಾದರೆ 1,660 ಕ್ಯಾಲೊರಿ, ಮಧ್ಯಮವಾದರೆ 2,130. ಸಾಲು ತಪ್ಪಿ ಆರಿಸಿದರೆ ದಿನಕ್ಕೆ 470ರ ವ್ಯತ್ಯಾಸ. ದಿನವಿಡೀ ಐದಾರು ಮನೆಗಳಲ್ಲಿ ಗುಡಿಸಿ ಒರೆಸಿ, ನಡುವೆ ನಡೆದೇ ಹೋಗುವ ಕೆಲಸದಾಕೆಗೆ, ಮುಂಬಯಿಯವರು 'ಬಾಯಿ' ಎನ್ನುವವಳಿಗೆ, ಆ ಮಧ್ಯಮದ ಸಾಲು ನ್ಯಾಯವಾಗಿ ಸಲ್ಲುತ್ತದೆ. ಆಕೆಗೆ ಅಷ್ಟು ಊಟ ಸಿಗುತ್ತದೆಯೇ ಎನ್ನುವುದು ನನ್ನನ್ನು ಕಾಡುವ ಬೇರೆಯೇ ಪ್ರಶ್ನೆ.

ಉತ್ತರ ಐರ್ಲೆಂಡಿನಲ್ಲಿ 4,563 ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮನೆಗೆಲಸವನ್ನೇ ಹೆಚ್ಚಾಗಿ ತಮ್ಮ ವ್ಯಾಯಾಮವೆಂದು ಹೇಳಿಕೊಂಡವರ ತೂಕ, ಹಾಗೆ ಹೇಳದವರಿಗಿಂತ ಹೆಚ್ಚೇ ಇತ್ತು. ಕೆಲಸದಿಂದ ದಪ್ಪಗಾದರು ಎಂದು ಇದರ ಅರ್ಥವಲ್ಲ. ಮಾಡಿದ್ದನ್ನು ಹೆಚ್ಚಾಗಿ ಅಂದಾಜಿಸಿರಬಹುದು, ಅದರ ಲೆಕ್ಕಕ್ಕೆ ಹೆಚ್ಚು ತಿಂದಿರಲೂಬಹುದು ಎಂದು ಸಂಶೋಧಕರು ಹೇಳಿದರು. ತಿನ್ನುವ ಕಡೆಯ ಲೆಕ್ಕ ಇನ್ನೂ ಸಡಿಲ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದು ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಪರೀಕ್ಷಿಸಿದ 1992ರ ಅಧ್ಯಯನದಲ್ಲಿ, ಅವರು ತಿಂದದ್ದನ್ನು ಶೇ. 47ರಷ್ಟು ಕಡಿಮೆಯಾಗಿ, ಶ್ರಮವನ್ನು ಶೇ. 51ರಷ್ಟು ಹೆಚ್ಚಾಗಿ ಹೇಳಿದ್ದರು. ಬೇಕೆಂದು ಸುಳ್ಳು ಹೇಳಿದವರು ಎಂದು ನಾನು ತಿಳಿಯುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ನಡೆಯುವುದೂ ಅದೇ. ಮಗ ಬಿಟ್ಟ ಅರ್ಧ ಚಪಾತಿ, ಹಳಸುತ್ತದೆಂದು ಮುಗಿಸಿದ ಒಂದು ಸೌಟು ಅನ್ನ, ಉಪ್ಪು ನೋಡಲು ಬಾಯಿಗೆ ಹಾಕಿದ ಸುಕ್ಕ. ಇವು ಯಾವ ಆ್ಯಪ್‌ನಲ್ಲೂ ಇರುವುದಿಲ್ಲ. ಎಸೆಯಲು ಮನಸ್ಸು ಬಾರದ ಗೃಹಿಣಿಯ ತಟ್ಟೆಯಲ್ಲಿ ಇವು ದಿನವೂ ಇರುತ್ತವೆ. ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನದ ಲೆಕ್ಕಕ್ಕೆ ಸೇರಿಸಿ.

ಹಾಗಾದರೆ ಬರೆಯುವುದು ಹೇಗೆ? ಮನೆಗೆಲಸವನ್ನು "ಲಘು" ಗುಣಕದೊಳಗೇ ಬಿಟ್ಟು, ಪ್ರತಿದಿನ ಏನನ್ನೂ ಸೇರಿಸದಿರುವುದು ಎಲ್ಲಕ್ಕಿಂತ ಸುಲಭ. "ಕೂತೇ ಇರುವವರು" ಎಂದು ಆರಿಸಿ ಒಂದೊಂದು ಕೆಲಸವನ್ನೂ ಬರೆಯುವ ದಾರಿಯೂ ಇದೆ, ಆದರೆ ಮೇಲೆ ನೋಡಿದಂತೆ ನಿಮಿಷಗಳು ಉಬ್ಬುತ್ತವೆ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಎರಡು ವಾರ ತಿಂದದ್ದನ್ನು ಪ್ರಾಮಾಣಿಕವಾಗಿ ಬರೆಯಿರಿ, ಬೆಳಿಗ್ಗೆ ಏನೂ ತಿನ್ನುವ ಮೊದಲು ತೂಕ ನೋಡಿ, ಮೊದಲ ವಾರದ ಸರಾಸರಿಯನ್ನು ಎರಡನೆಯದರ ಜೊತೆ ಹೋಲಿಸಿ. ಮುಟ್ಟಿನ ಹತ್ತಿರದ ದಿನಗಳಲ್ಲಿ ನೀರು ತುಂಬಿ ತೂಕ ಏರುತ್ತದೆ, ಅದಿದ್ದರೆ ಹೋಲಿಕೆಯನ್ನು ಒಂದು ತಿಂಗಳಿಗೆ ಚಾಚಿ. ತಿಂದದ್ದೆಷ್ಟು, ತೂಕ ಸರಿದದ್ದೆಷ್ಟು ಎಂಬುದರಿಂದ ಹೊರಡುವ ಅಂಕಿಯಲ್ಲಿ ನಿಮ್ಮ ಪಾತ್ರೆ, ಪೊರಕೆ, ಮೆಟ್ಟಿಲು ಎಲ್ಲವೂ ಸೇರಿರುತ್ತವೆ.

ಹೊಸದಾಗಿ ಸೇರಿದ ಕೆಲಸವನ್ನು ಮಾತ್ರ ಬೇರೆ ಎಣಿಸಿ. ಮೇ ತಿಂಗಳಲ್ಲಿ ಕೆಲಸದ ಬಾಯಿ ಊರಿಗೆ ಹೋಗಿ ಗುಡಿಸಿ ಒರೆಸುವುದೆಲ್ಲ ನಿಮ್ಮ ಮೇಲೆ ಬಿತ್ತೇ? ಆ ತಿಂಗಳು ಎಣಿಸಬಹುದು, ಅದೂ ಕೈಯಾಡಿಸಿದ ನಿಮಿಷ ಮಾತ್ರ. ನಿವೃತ್ತರಾದ ಯಜಮಾನರು ಪೊರಕೆ ಹಿಡಿದರೋ, ಅದು ಅವರಿಗೆ ಪೂರ್ತಿ ಹೊಸ ಶ್ರಮ, ಅವರ ಆ್ಯಪ್‌ನಲ್ಲಿ ಧಾರಾಳವಾಗಿ ಬರೆಯಲಿ. ನಿಮಗೆ ಉಳಿದ ಆ 25 ನಿಮಿಷಕ್ಕೆ ಕೆಳಗಿಳಿದು ಬಿರುಸಾಗಿ ನಡೆದು ಬನ್ನಿ. ಗಂಟೆಗೆ ಐದೂವರೆ ಕಿಲೊಮೀಟರ್ ವೇಗದ ನಡಿಗೆ 4 ಮೆಟ್ ದಾಟುತ್ತದೆ. ಇದನ್ನು ನಾನು ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಹೇಳುತ್ತೇನೆ, ಹೆಂಗಸಿಗೆ ಮಾತ್ರ ಹೇಳಿ ಕಳಿಸಿದರೆ ಆ 25 ನಿಮಿಷ ಅವಳಿಗೆ ಸಿಗುವುದಿಲ್ಲ.

ತೂಕ ಬಿಟ್ಟು ಆರೋಗ್ಯದ ಮಾತಾದರೆ ಮನೆಗೆಲಸಕ್ಕೆ ಪೂರ್ಣ ಗೌರವವಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿತು. ಮಾತಾಡಲು ಬರುತ್ತದೆ, ಹಾಡಲು ಉಸಿರು ಸಾಲದು ಎನ್ನುವಷ್ಟು ಬಿರುಸಾಗಿ ಒರೆಸಿದರೆ ಅದು ಈ 150ಕ್ಕೆ ಸೇರುತ್ತದೆ. ಪಾತ್ರೆ, ಇಸ್ತ್ರಿ ಸೇರುವುದಿಲ್ಲ. ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು ಎಂದು ಅದೇ ಸಂಸ್ಥೆ ಹೇಳುತ್ತದೆ. ಮನೆಗೆಲಸ ಇದನ್ನು ಕೊಡುವುದು ಅಪರೂಪ. ಕೈಯಾಸರೆ ಇಲ್ಲದೆ ಕುರ್ಚಿಯಿಂದ ಹತ್ತು ಸಲ ಏಳುವುದರಿಂದ ಶುರು ಮಾಡಿ. ಗಿರಣಿಗೆ ಗೋಧಿ ಹೊತ್ತು ಹೋಗುವ ಅಭ್ಯಾಸವಿದ್ದರೆ ಬಿಡಬೇಡಿ.

ಎಣಿಸಬೇಡಿ ಎಂಬ ನನ್ನ ಮಾತು ಒಂದು ಕಡೆ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ದೀಪಾವಳಿಗೆಂದು ಮಾಳಿಗೆಯ ಡಬ್ಬಿಗಳನ್ನೆಲ್ಲ ಇಳಿಸಿ, ಗೋಡೆ ಉಜ್ಜಿ, ಹಾಸಿಗೆ ಬಿಸಿಲಿಗೆ ಹಾಕುವ ದಿನ, ಆ ಕೆಲಸವನ್ನು ವ್ಯಾಯಾಮವೆಂದೇ ಎಣಿಸಬೇಕು. "ಕೆಲಸ ಮುಗಿಸಿಯೇ ಊಟ" ಎಂದು ಕೂತರೆ ರಕ್ತದ ಸಕ್ಕರೆ 70ರ ಕೆಳಗೆ ಜಾರಿ ಕೈ ನಡುಗಿ, ತಣ್ಣನೆ ಬೆವರು ಬಂದು, ಸ್ಟೂಲಿನ ಮೇಲಿಂದ ಬೀಳುವ ಅಪಾಯವಿದೆ. ಕೆಲಸಕ್ಕೆ ಮೊದಲು ಏನಾದರೂ ತಿನ್ನಿ, ಗ್ಲುಕೋಮೀಟರ್ ಇದ್ದರೆ ನಡುವೆ ಒಮ್ಮೆ ನೋಡಿ, ಮೂರು ಚಮಚ ಸಕ್ಕರೆ ಕೈಗೆಟಕುವಲ್ಲಿ ಇರಲಿ. ಔಷಧಿಯ ಪ್ರಮಾಣ ಆ ದಿನ ಬದಲಿಸಬೇಕೇ ಎಂದು ನಿಮ್ಮ ಡಾಕ್ಟರನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಕೇಳಿಟ್ಟುಕೊಳ್ಳಿ.