ಮೂಗಿಗೆ ಯಾವ ಸ್ಪ್ರೇ? ಮಲೆನಾಡಿನ ಸೀನಿನ ಹಿಂದಿನ ಕತೆ

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತು ಅಂದರೆ ಮನೆಯಲ್ಲಿ ಒಬ್ಬರಾದರೂ ಹತ್ತು ಸೀನು ಸೀನದೆ ಬೆಳಗಿನ ಕಾಫಿ ಕುಡಿಯುವುದಿಲ್ಲ. ಅಟ್ಟದಿಂದ ಇಳಿಸಿದ ಕಂಬಳಿ, ಗೋಡೆಗೆ ಹತ್ತಿದ ಬೂಸ್ಟು, ಆಮೇಲೆ ಅಡಿಕೆ ಸುಲಿಯುವ ಕಾಲದ ಧೂಳು. ಎಲ್ಲದಕ್ಕೂ ನಾವು ಇಡುವ ಹೆಸರು ಒಂದೇ, ಶೀತ. ಅಸಲಿಗೆ ಅದು ಮೂಗಿನ ಅಲರ್ಜಿ ಇರಬಹುದು. ವಾರಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ, ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಕಾಡಿದರೆ ಅದು ಬಿಡದ ಅಲರ್ಜಿ ಅಂತ 2001ರಲ್ಲಿ 'ಏರಿಯಾ' (ARIA) ಎಂಬ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಗೆರೆ ಎಳೆಯಿತು.

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ಪ್ರತಿ ಬೇಸಿಗೆ ತಮಗೇ ಬರುತ್ತಿದ್ದ ಈ ಕಾಟವನ್ನು ಬರೆದಿಟ್ಟರು. ಸರಿಯಾದ ಸ್ಪ್ರೇ ಬರಲು ಅಲ್ಲಿಂದ ನೂರೈವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಮಗೆ ಮೆಣಸಿನ ಕಷಾಯ, ದೊಡ್ಡಪತ್ರೆ, ಹಬೆ.

ಯಾವ ಸ್ಪ್ರೇ ಎಂಬ ಗೊಂದಲ ಬೆಳೆದದ್ದು ಮೂಗು ಬಿಡಿಸುವ ಹನಿಗಳಿಂದ. ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಸೀಸೆಗಳು. ಮೂಗಿನೊಳಗಿನ ರಕ್ತನಾಳ ಕುಗ್ಗಿ ಕೆಲವೇ ನಿಮಿಷದಲ್ಲಿ ಉಸಿರು ಸಲೀಸು. ಯಾರಿಗೆ ಬೇಡ ಹೇಳಿ? ಆದರೆ ಮೂರರಿಂದ ಐದು ದಿನ ದಾಟಿಸಿದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಅದಕ್ಕೆ ಮತ್ತೆ ಹನಿ, ಮತ್ತೆ ಕಟ್ಟುವುದು, ಹೀಗೇ ಸುತ್ತು. ನಮ್ಮ ಚಿಕ್ಕಪ್ಪ ಕವಳದ ಸಂಚಿಯಲ್ಲೇ ಸೀಸೆ ಇಟ್ಟುಕೊಂಡು ಆರೇಳು ವರ್ಷ ಕಳೆದರು. ತೋಟಕ್ಕೆ ಹೋಗುವಾಗ ಕತ್ತಿ ಮರೆತಾರು, ಅದನ್ನಲ್ಲ. ಕೇಳಿದರೆ ಅಂಗಡಿಯಲ್ಲಿ ಕೊಟ್ಟರು. ಎಷ್ಟು ದಿನ ಅಂತ ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಿಡದ ಅಲರ್ಜಿಗೆ ಬೇಕಾದ, ಮೂಗಿನೊಳಗಿನ ಊತ ತಗ್ಗಿಸುವ ಸ್ಟೀರಾಯ್ಡ್ ಸ್ಪ್ರೇ 1970ರ ದಶಕದಲ್ಲೇ ಬಂದಿತ್ತು, ಬೆಕ್ಲೊಮೆಥಸೋನ್. 90ರ ದಶಕದಲ್ಲಿ ಫ್ಲುಟಿಕಾಸೋನ್, ಮೊಮೆಟಾಸೋನ್ ಸೇರಿದವು. ಆದರೆ ಸ್ಟೀರಾಯ್ಡ್ ಅಂದದ್ದೇ ನಮ್ಮವರು ಹಿಂದೆ ಸರಿಯುತ್ತಾರೆ. ಆ ಮಾತ್ರೆ ನುಂಗಿ ಮುಖ ಊದಿಸಿಕೊಂಡವರನ್ನು ಕಂಡವರಿಗೆ ಹೆದರಿಕೆ ಸುಮ್ನೆ ಬಂದದ್ದಲ್ಲ. ಆದರೆ ಮೂಗಿಗೆ ಹಾಕುವ ಫ್ಲುಟಿಕಾಸೋನ್, ಮೊಮೆಟಾಸೋನ್‌ಗಳಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಎರಡು ಪಾಲೂ ಇಲ್ಲ. ನಿಜವಾದ ತೊಡಕು ಬೇರೆ, ಇವು ನಿಧಾನ. ದಿನವೂ ಹಾಕಬೇಕು, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಮೂರನೇ ದಿನಕ್ಕೆ 'ಏನೂ ಪ್ರಯೋಜನ ಇಲ್ಲ ಮಾರಾಯ' ಅಂತ ಕಪಾಟು ಸೇರಿದ ಸೀಸೆಗಳನ್ನು ಎಷ್ಟು ಮನೆಯಲ್ಲಿ ನೋಡಿಲ್ಲ ನಾನು!

ಅಜೆಲಾಸ್ಟಿನ್ ಸ್ಪ್ರೇ ಬೇರೆ ಜಾತಿ, ಆಂಟಿಹಿಸ್ಟಮಿನ್, ಅಂದರೆ ಅಲರ್ಜಿಯಲ್ಲಿ ಸೀನು ತರಿಸುವ ಹಿಸ್ಟಮಿನ್ ಎಂಬ ವಸ್ತುವನ್ನು ತಡೆಯುವ ಔಷಧ. ಅರ್ಧ ಗಂಟೆಯೊಳಗೆ ಸೀನು, ತುರಿಕೆ ತಗ್ಗುತ್ತದೆ. ಗಂಟಲಿಗಿಳಿದರೆ ಮಾತ್ರ ಹಾಗಲಕಾಯಿ ಅಗಿದಷ್ಟು ಕಹಿ, ಕೆಲವರಿಗೆ ತೂಕಡಿಕೆ. ಇದನ್ನೂ ಫ್ಲುಟಿಕಾಸೋನನ್ನೂ ಬೆರೆಸಿದ ಸ್ಪ್ರೇಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ಔಷಧಕ್ಕೆ ಬಗ್ಗದ ಮೂಗಿಗೆ ಅದು.

ಚಿಕ್ಕಪ್ಪನಿಗೆ ಕೊನೆಗೆ ಶಿವಮೊಗ್ಗದ ವೈದ್ಯರೊಬ್ಬರು ಸ್ಪ್ರೇ ಬರೆದುಕೊಟ್ಟು, ಹಾಕುವುದನ್ನೂ ತೋರಿಸಿದರು. ತಲೆ ತುಸು ಮುಂದಕ್ಕೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈ, ಎಡಕ್ಕೆ ಬಲಗೈ, ತುದಿ ಕಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು, ಜೋರಾಗಿ ಎಳೆದರೆ ಔಷಧ ಗಂಟಲಿಗೆ. ಚಿಕ್ಕಪ್ಪ ಅಲ್ಲೇ ಕೂತು ನಾಲ್ಕು ಸಲ ಖಾಲಿ ಕೈಯಲ್ಲಿ ಅಭ್ಯಾಸ ಮಾಡಿದರಂತೆ.